ಪ್ರಸಾದನಿಲಯಕ್ಕೆ ಸೇರುವ ಮಗುವಿನ ಮೊದಲ ತಪಾಸಣೆ

ಜೂನ್ ತಿಂಗಳು ಬಂತೆಂದರೆ ದಬ್ಬೇಘಟ್ಟದ ಬಸ್ ನಿಲ್ದಾಣದಲ್ಲಿ ತಗಡಿನ ಪೆಟ್ಟಿಗೆ, ಸುತ್ತಿದ ಹಾಸಿಗೆಗಳೊಡನೆ ಮಕ್ಕಳು ಕಾಣಿಸಿಕೊಳ್ಳುತ್ತಾರೆ. ತಿಪಟೂರು, ತುಮಕೂರುಗಳ ಪ್ರಸಾದನಿಲಯಗಳಿಗೆ, ಸರ್ಕಾರಿ ವಿದ್ಯಾರ್ಥಿನಿಲಯಗಳಿಗೆ ಹೊರಟವರು. ಸಿದ್ಧಗಂಗೆಯಲ್ಲಿ ಸಾವಿರಾರು ಮಕ್ಕಳು ಒಟ್ಟಿಗೆ ಉಂಡು ಓದುವ ಪರಂಪರೆ ನಮ್ಮ ಜಿಲ್ಲೆಯ ಹೆಮ್ಮೆ. ಆದರೆ ಇಂತಹ ನಿಲಯಗಳಿಗೆ ಸೇರುವ ದಿನ ಮಗುವಿನ ಆರೋಗ್ಯವನ್ನು ಯಾರು, ಹೇಗೆ ನೋಡಬೇಕೆಂದು ನಾವು ಕೇಳುವುದು ಕಡಿಮೆ.

ಬಾಲನ್ಯಾಯ ಕಾಯ್ದೆಯಡಿ ನಡೆಯುವ ಬಾಲಮಂದಿರಗಳಿಗೆ 2016ರ ಮಾದರಿ ನಿಯಮಗಳು ಇದನ್ನು ಸ್ಪಷ್ಟಪಡಿಸಿವೆ: ದಾಖಲಾದ 24 ಗಂಟೆಯೊಳಗೆ ವೈದ್ಯರ ತಪಾಸಣೆ, ಪ್ರತಿ ಮಗುವಿಗೂ ವೈದ್ಯಕೀಯ ದಾಖಲೆ. ಓದಿಗಾಗಿ ಹೆತ್ತವರೇ ಕಳುಹಿಸುವ ಮಗುವಿನ ವಿಷಯದಲ್ಲಿ ಎಷ್ಟೋ ಕಡೆ ಒಂದು ಪ್ರಮಾಣಪತ್ರದಲ್ಲಿ ಕೆಲಸ ಮುಗಿಯುತ್ತದೆ. ಅಂತಹ ಪತ್ರಗಳಿಗೆ ನಾನೂ ಸಹಿ ಹಾಕಿದವನೇ. ಸಾಲಾಗಿ ನಿಂತ ಮಕ್ಕಳ ಕಣ್ಣು, ನಾಲಿಗೆ ನೋಡಿ ‘ಆರೋಗ್ಯವಂತ’ ಎಂದು ಬರೆದದ್ದುಂಟು.

ಹಾಗೆ ಬರೆಸಿಕೊಂಡು ಹೋದ ಹುಡುಗನೊಬ್ಬ ಅಪಸ್ಮಾರಕ್ಕೆ ಮಾತ್ರೆ ನುಂಗುತ್ತಿದ್ದ. ಕರೆತಂದ ಅಜ್ಜಿ ಅದನ್ನು ಹೇಳಲಿಲ್ಲ. ಮಾತ್ರೆಗಳು ಪೆಟ್ಟಿಗೆಯ ತಳದಲ್ಲೇ ಉಳಿದವು. ಕೆಲವೇ ದಿನಗಳಲ್ಲಿ ನೀರಿನ ತೊಟ್ಟಿಯ ಬಳಿ ಸೆಳೆತ ಬಂದು ಬಿದ್ದ. ಜೊತೆಯಲ್ಲಿ ಹುಡುಗರಿದ್ದುದರಿಂದ ಬದುಕಿದ. ಅಜ್ಜಿಯನ್ನು ಗದರಿದೆ. “ಹೇಳಿದ್ರೆ ಸೇರಿಸ್ಕೊಳ್ತಿದ್ರಾ ಡಾಕ್ಟ್ರೇ?” ಎಂದರು. ನನ್ನಲ್ಲಿ ಉತ್ತರವಿರಲಿಲ್ಲ.

ರೋಗಿಯನ್ನು ದರ್ಶನ, ಸ್ಪರ್ಶನ, ಪ್ರಶ್ನಗಳಿಂದ ಪರೀಕ್ಷಿಸಬೇಕೆನ್ನುತ್ತದೆ ಆಯುರ್ವೇದ. ದಾಖಲಾತಿಯ ಗಡಿಬಿಡಿಯಲ್ಲಿ ನಾವು ಕೈಬಿಡುವುದು ಪ್ರಶ್ನವನ್ನೇ. ತಾಯಿ ಮಧ್ಯಾಹ್ನದ ಬಸ್ಸಿಗೆ ಹೊರಟುಬಿಟ್ಟರೆ ಮಗುವಿನ ಪೂರ್ವವೃತ್ತಾಂತವೂ ಅವಳೊಡನೆ ಹೊರಟುಹೋಗುತ್ತದೆ: ಹಿಂದಿನ ಸೆಳೆತ, ಉಬ್ಬಸ, ಕಿವಿ ಸೋರುವಿಕೆ, ಹಾಕಿಸಿದ ಮತ್ತು ತಪ್ಪಿದ ಲಸಿಕೆ, ಮನೆಯಲ್ಲಿ ಯಾರಿಗಾದರೂ ಇದ್ದ ಕ್ಷಯ. ಇರುಳು ಹಾಸಿಗೆ ಒದ್ದೆಮಾಡಿಕೊಳ್ಳುವುದನ್ನಂತೂ ಮಗು ತಾನಾಗಿ ಎಂದೂ ಹೇಳದು. ಆದ್ದರಿಂದ ತಾಯಿ ಕಾರ್ಡನ್ನು ತರಿಸಿ, ತಂದವರನ್ನು ಕೂರಿಸಿಕೊಂಡು, ಇತರರ ಕಿವಿಗೆ ಬೀಳದಂತೆ ಕೇಳಬೇಕು.

ಒಂದೇ ದಿನದ ತಪಾಸಣೆಯೂ ಸಾಲದು. ಕಜ್ಜಿಯನ್ನೇ ನೋಡಿ. ಮೊದಲ ಸಲ ಹುಳು ತಗುಲಿದ ಮಗುವಿಗೆ ನವೆ ಶುರುವಾಗಲು ನಾಲ್ಕರಿಂದ ಆರು ವಾರ ಬೇಕು. ಅಷ್ಟರೊಳಗೆ ಅದು ಪಕ್ಕದ ಚಾಪೆಗೆ ದಾಟಿರುತ್ತದೆ. ಒಬ್ಬನಿಗೆ ಮಾತ್ರ ಮುಲಾಮು ಹಚ್ಚಿದರೆ ಪ್ರಯೋಜನವಿಲ್ಲ. ಒಟ್ಟಿಗೆ ಮಲಗುವವರೆಲ್ಲರಿಗೂ ಒಂದೇ ದಿನ ಚಿಕಿತ್ಸೆಯಾಗಬೇಕು, ಬಟ್ಟೆ ಹೊದಿಕೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. (ಬೇವಿನೆಣ್ಣೆಯೊಂದೇ ಸಾಕೆಂದು ನನ್ನ ಹೆಸರು ಹೇಳಿಕೊಂಡು ಯಾರೂ ಕೂರಬಾರದು.) ಆರು ವಾರ ಕಳೆದ ಮೇಲೆ ಎರಡನೆಯ ತಪಾಸಣೆ ಅಗತ್ಯ, ತೂಕ, ದೃಷ್ಟಿ, ರಕ್ತಹೀನತೆಗಳನ್ನು ಆಗ ಇನ್ನಷ್ಟು ನಿಧಾನವಾಗಿ ನೋಡಬಹುದು.

ಇದಕ್ಕೆ ದೊಡ್ಡ ಖರ್ಚಿಲ್ಲ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಸಂಚಾರಿ ತಂಡಗಳು ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಮಕ್ಕಳನ್ನು ವರ್ಷಕ್ಕೊಮ್ಮೆ ನೋಡುತ್ತವೆ. ಅವುಗಳಲ್ಲಿರುವವರು ನಮ್ಮ ಆಯುಷ್ ವೈದ್ಯರೇ. ಅವರ ಭೇಟಿಯನ್ನು ಜುಲೈನೊಳಗೆ ಕೋರಿ ಆಡಳಿತದವರು ಮೊದಲೇ ಪತ್ರ ಬರೆಯಬಹುದು.

ಆದರೆ ತಪಾಸಣೆ ಮಗುವನ್ನು ಹಿಂದಕ್ಕೆ ಕಳುಹಿಸುವ ಸಾಧನವಾಗಬಾರದು. ಶಿಕ್ಷಣಕ್ಕೆ ಸೇರಿಸಿಕೊಳ್ಳಲು ಎಚ್‌ಐವಿ ಪರೀಕ್ಷೆಯನ್ನು ಷರತ್ತಾಗಿಸುವುದನ್ನು 2017ರ ಕಾಯ್ದೆ ನಿಷೇಧಿಸಿದೆ. ಮಿಕ್ಕ ಕಾಯಿಲೆಗಳ ವಿಷಯದಲ್ಲೂ ನಮ್ಮ ನಿಲಯಗಳ ಅರ್ಜಿಯ ಮೇಲ್ಭಾಗದಲ್ಲೇ ‘ಕಾಯಿಲೆಯ ಕಾರಣಕ್ಕೆ ಪ್ರವೇಶ ನಿರಾಕರಿಸುವುದಿಲ್ಲ’ ಎಂಬ ಸಾಲು ಅಚ್ಚಾಗಲಿ. ಆ ಸಾಲನ್ನು ಓದಿಸಿಕೊಂಡಿದ್ದರೆ ಅಂದು ಆ ಅಜ್ಜಿ ಮಾತ್ರೆಯ ಪೊಟ್ಟಣವನ್ನು ನನ್ನ ಮೇಜಿನ ಮೇಲೆ ಇಡುತ್ತಿದ್ದರು.