ಆಳಿದವರ ಮನೆ ಯಾರದು?

ಆಡಳಿತಗಾರನೊಬ್ಬ ಕಟ್ಟಿಸಿದ ಮನೆ ಅವನ ಕಾಲ ಮುಗಿದ ಮೇಲೆ ಯಾರದಾಗಬೇಕು? ಸರ್ಕಾರದ ಆಸ್ತಿಪಟ್ಟಿಗೆ ಸೇರಿದ ಮಾತ್ರಕ್ಕೆ ಅದು ಜನರದಾಗುವುದಿಲ್ಲ, ಜನ ಹೊಸ್ತಿಲು ದಾಟಿ ಒಳಗೆ ಬಂದಾಗಲೇ ಆಗುತ್ತದೆ ಎಂಬುದು ನನ್ನ ವಾದ. ಬ್ರಿಟನ್ನಿನ ಮೊದಲ ಪ್ರಧಾನಿಯೆನಿಸಿಕೊಂಡ ರಾಬರ್ಟ್ ವಾಲ್‌ಪೋಲ್ 1721ರಿಂದ 1742ರವರೆಗೆ ಅಧಿಕಾರದಲ್ಲಿದ್ದ. ಆ ಅವಧಿಯಲ್ಲೇ ನಾರ್ಫೋಕ್ ಸೀಮೆಯಲ್ಲಿ ಹೌಟನ್ ಹಾಲ್ ಎಂಬ ಭವ್ಯ ಬಂಗಲೆ ಕಟ್ಟಿಸಿ, ಅದರ ಉದ್ಯಾನಕ್ಕೆ ಅಡ್ಡವಾಗಿದ್ದ ಹಳ್ಳಿಯನ್ನೇ ಆಚೆಗೆ ಸ್ಥಳಾಂತರಿಸಿದ. ಅವನ ಚಿತ್ರಸಂಗ್ರಹವನ್ನು ಮೊಮ್ಮಗ 1779ರಲ್ಲಿ ರಷ್ಯಾದ ಸಾಮ್ರಾಜ್ಞಿ ಕ್ಯಾಥರೀನಳಿಗೆ ಮಾರಿಬಿಟ್ಟ. ಮನೆ ಇಂದಿಗೂ ಆ ವಂಶದವರ ಕೈಯಲ್ಲೇ ಇದೆ. ಆದರೂ ವರ್ಷದ ಕೆಲವು ತಿಂಗಳು ಟಿಕೆಟ್ ಕೊಂಡ ಯಾರಾದರೂ ಅದರ ಕೋಣೆಗಳಲ್ಲಿ ಓಡಾಡಬಹುದು.

ನಮ್ಮಲ್ಲಿ ಇದಕ್ಕೆ ತದ್ವಿರುದ್ಧ. 1834ರಿಂದ 1861ರವರೆಗೆ ಮೈಸೂರು ಸೀಮೆಯನ್ನು ಕಮಿಷನರ್ ಆಗಿ ಆಳಿದ ಮಾರ್ಕ್ ಕಬ್ಬನ್ ಕುಲೀನ ಮನೆತನದವನಲ್ಲ, ಐಲ್ ಆಫ್ ಮ್ಯಾನ್ ದ್ವೀಪದ ಪಾದ್ರಿಯೊಬ್ಬರ ಮಗ. ಬೇಸಿಗೆ ಕಳೆಯಲು ಅವನಿಗೆ ನಂದಿಬೆಟ್ಟದ ಮೇಲೊಂದು ಮನೆ ಎದ್ದಿತು. ಅದಕ್ಕೆ ಯಾವ ಖಾತೆಯಿಂದ ಹಣ ಹೋಗಿದ್ದರೂ, ಅವನ ಸಂಬಳವೂ ಅವನ ಆಡಳಿತದ ಖರ್ಚೂ ಹುಟ್ಟುತ್ತಿದ್ದುದು ಮೈಸೂರಿನ ರೈತರು ಕೊಟ್ಟ ಕಂದಾಯದಿಂದಲೇ. ಊರಿಗೆ ಮರಳುವ ದಾರಿಯಲ್ಲಿ, 1861ರಲ್ಲಿ, ಸೂಯೆಜ್‌ನಲ್ಲಿ ಅವನು ತೀರಿಕೊಂಡ. ಮನೆ ಇಲ್ಲೇ ಉಳಿಯಿತು. ಈಗ ನೆಹರು ನಿಲಯವೆಂಬ ಅತಿಥಿಗೃಹ. 1986ರ ಸಾರ್ಕ್ ಸಮ್ಮೇಳನದ ನಾಯಕರು ಈ ಬೆಟ್ಟಕ್ಕೆ ಬಂದಿದ್ದರು. ಆದರೆ ಭಾನುವಾರದ ನಸುಕಿನಲ್ಲಿ ಬೆಂಗಳೂರಿನ ಸುಬ್ರಹ್ಮಣ್ಯಪುರದಿಂದಲೋ ಬನಶಂಕರಿಯಿಂದಲೋ ಸೂರ್ಯೋದಯ ನೋಡಲು ಅಲ್ಲಿಗೆ ಹೋಗುವ ಸಾವಿರಾರು ಜನರಿಗೆ ಆ ಮನೆಯ ಕಥೆ ಹೇಳುವವರು ಯಾರು?

ಪರಕೀಯ ಅಧಿಕಾರಿಯ ಮನೆಗೆ ಇಷ್ಟೊಂದು ಆಸ್ಥೆ ಏಕೆ ಎಂದು ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕಬ್ಬನ್ನನ ಕುದುರೆಸವಾರಿ ಪ್ರತಿಮೆ 2020ರಲ್ಲಿ ಹೈಕೋರ್ಟಿನ ಎದುರಿನಿಂದ ಕಬ್ಬನ್ ಉದ್ಯಾನದೊಳಕ್ಕೆ ಸರಿಯಿತು. ಅದಕ್ಕೆ ನನ್ನ ತಕರಾರಿಲ್ಲ. ಪ್ರತಿಮೆ ಎಂದರೆ ಗೌರವ, ಅದನ್ನು ಹಿಂತೆಗೆದುಕೊಳ್ಳಬಹುದು. ಮನೆ ಎಂದರೆ ದಾಖಲೆ. ಕೆಳಗಿನ ಬಯಲು ಬಿಸಿಲಿಗೆ ಬೇಯುವಾಗ ಆಳುವವನು ಎಷ್ಟು ಎತ್ತರದಲ್ಲಿ, ಎಷ್ಟು ತಂಪಿನಲ್ಲಿ ಕೂತಿದ್ದ ಎಂಬುದನ್ನು ಯಾವ ಪಠ್ಯಪುಸ್ತಕಕ್ಕಿಂತಲೂ ಆ ಜಗಲಿ ಸ್ಪಷ್ಟವಾಗಿ ಹೇಳುತ್ತದೆ. ಅಲ್ಲದೆ ಬೆಟ್ಟದ ಚರಿತ್ರೆ ಅವನಲ್ಲಿಗೇ ಮುಗಿಯಲಿಲ್ಲ. 1927ರಲ್ಲೂ 1936ರಲ್ಲೂ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ತಂಗಿದ್ದು ಇದೇ ನಂದಿಯಲ್ಲಿ. ಸಾಮ್ರಾಜ್ಯದ ನೆಲೆಯೂ ಅದನ್ನು ಎದುರಿಸಿದವರ ವಿಶ್ರಾಂತಿಯ ತಾಣವೂ ಒಂದೇ ಬೆಟ್ಟದ ಮೇಲಿರುವಾಗ, ಮುಚ್ಚಿಟ್ಟರೆ ಎರಡೂ ಕಥೆಗಳು ಕಳೆದುಹೋಗುತ್ತವೆ.

ಇನ್ನೊಂದು ಆಕ್ಷೇಪ: ಜನರನ್ನು ಬಿಟ್ಟರೆ ಮನೆ ಹಾಳಾಗುತ್ತದೆ. ಹಾಗಿದ್ದರೆ 1791ರಲ್ಲಿ ಪೂರ್ಣಗೊಂಡ, ಬಹುಪಾಲು ಮರದಲ್ಲೇ ಕಟ್ಟಿದ ಬೆಂಗಳೂರಿನ ಟಿಪ್ಪು ಬೇಸಿಗೆ ಅರಮನೆ ಎಂದೋ ಕುಸಿಯಬೇಕಿತ್ತು. ಸಿಟಿ ಮಾರ್ಕೆಟ್ಟಿನ ಗದ್ದಲದ ಪಕ್ಕದಲ್ಲೇ, ಪುರಾತತ್ವ ಸರ್ವೇಕ್ಷಣೆಯ ಕಾವಲಿನಲ್ಲಿ, ಟಿಕೆಟ್ ಹಿಡಿದು ಬರುವ ಶಾಲಾ ಮಕ್ಕಳ ನಡುವೆ ಅದು ನಿಂತಿದೆ. ಗಣ್ಯರು ಉಳಿದುಕೊಳ್ಳಲು ರಾಜ್ಯದಲ್ಲಿ ಬೇರೆ ಅತಿಥಿಗೃಹಗಳಿಗೆ ಕೊರತೆಯಿಲ್ಲ. ಪ್ರವಾಸೋದ್ಯಮ ಮತ್ತು ತೋಟಗಾರಿಕೆ ಇಲಾಖೆಗಳು ನೆಹರು ನಿಲಯದ ಕೆಲವು ಕೋಣೆಗಳನ್ನಾದರೂ ವಸ್ತುಸಂಗ್ರಹಾಲಯವಾಗಿಸಿ, ಕನ್ನಡದಲ್ಲಿ ಅದರ ಪೂರ್ತಿ ಕಥೆಯನ್ನು ಗೋಡೆಗೆ ಹಾಕಿ, ಬಾಗಿಲು ತೆರೆಯಲಿ.