ಹುಡುಕುವುದೂ ಕೆಲಸವೇ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮೂರಿನ ನಿವೃತ್ತ ಮೇಷ್ಟ್ರೊಬ್ಬರು ಗ್ಯಾರೇಜಿಗೆ ಬಂದು ಕಾರಿನ ಕೀಲಿ ನನ್ನ ಕೈಗಿಟ್ಟರು. 'ಇದನ್ನು ಸರಿ ಮಾಡು, ಇಲ್ಲ ಮಾರಿಸಿಕೊಡು. ಎರಡರಲ್ಲಿ ಒಂದು ಆಗಲೇಬೇಕು ಮಾರಾಯ' ಎಂದರು. ಅವರ ಹೆಂಡತಿಗೆ ಮೂರು ವಾರಕ್ಕೊಮ್ಮೆ ಮಣಿಪಾಲದಲ್ಲಿ ಕೀಮೋ. ತೀರ್ಥಹಳ್ಳಿಯಿಂದ ಬೆಳಿಗ್ಗೆ ಆಗುಂಬೆ ಘಾಟಿ ಇಳಿದು ಹೋಗಬೇಕು, ಸಂಜೆ ಅದನ್ನೇ ಹತ್ತಿ ಬರಬೇಕು. ಇಳಿಯುವಾಗ ಕಾರಿಗೆ ಏನೂ ಆಗುವುದಿಲ್ಲ. ಹತ್ತುವಾಗ ಮಾತ್ರ, ಹದಿನಾಲ್ಕು ತಿರುವುಗಳಲ್ಲಿ ಯಾವುದೋ ಒಂದರಲ್ಲಿ, ಎಂಜಿನ್ ಫಕ್ಕನೆ ನಿಂತುಬಿಡುತ್ತದೆ.

ಘಾಟಿಯಲ್ಲಿ ಎಂಜಿನ್ ನಿಲ್ಲುವುದೆಂದರೆ ಏನೆಂದು ಹತ್ತಿದವರಿಗೇ ಗೊತ್ತು. ಸ್ಟೀರಿಂಗ್ ಕಲ್ಲಿನಂತಾಗುತ್ತದೆ. ಎರಡು ಸಲ ಒತ್ತುವಷ್ಟರಲ್ಲಿ ಬ್ರೇಕೂ ಗಟ್ಟಿಯಾಗುತ್ತದೆ. ಹಿಂದೆ ಬಸ್ಸು, ಪಕ್ಕದ ಸೀಟಿನಲ್ಲಿ ತಲೆ ಎತ್ತಲಾರದೆ ಕೂತ ಹೆಂಡತಿ. ಇಪ್ಪತ್ತು ನಿಮಿಷ ಕಾದು ಕೀಲಿ ತಿರುಗಿಸಿದರೆ ಏನೂ ನಡೆದೇ ಇಲ್ಲ ಎಂಬಂತೆ ಸ್ಟಾರ್ಟ್ ಆಗುತ್ತಿತ್ತು. ಐದು ತಿಂಗಳಲ್ಲಿ ಆರು ಸಲ ಹೀಗಾಗಿತ್ತಂತೆ.

ನನಗಿಂತ ಮೊದಲು ಎರಡು ಕಡೆ ತೋರಿಸಿದ್ದರು. ಪ್ಲಾಸ್ಟಿಕ್ ಚೀಲದಲ್ಲಿ ಬಿಲ್ಲುಗಳನ್ನೆಲ್ಲ ಜೋಡಿಸಿಟ್ಟಿದ್ದರು. ಕ್ರ್ಯಾಂಕ್ ಸೆನ್ಸರ್ ಎರಡು ಸಲ ಬದಲಾಗಿತ್ತು. ಇಗ್ನಿಷನ್ ಕಾಯಿಲ್, ಪ್ಲಗ್, ಫ್ಯುಯೆಲ್ ಪಂಪ್ ಹೊಸದು. ಒಟ್ಟು 31,400 ರೂಪಾಯಿ. ನಾನು ಇಂದು ಬರೆಯುತ್ತಿರುವುದು ಆ ದುಡ್ಡಿನ ಬಗ್ಗೆಯೇ. ಅದನ್ನು ಯಾರೂ ಜೇಬಿಗಿಳಿಸಿ ಮೋಸ ಮಾಡಿರಲಿಲ್ಲ. ಹಾಕಿದ ಸಾಮಾನೆಲ್ಲ ಅಸಲಿ. ಆದರೆ ಒಬ್ಬರೂ ಹುಡುಕಿರಲಿಲ್ಲ.

ನಾನು ಶಿವಮೊಗ್ಗದಲ್ಲಿ ಕೆಲಸ ಕಲಿತ ಕಾಲಕ್ಕೆ ಟೈಮಿಂಗ್, ಅಂದರೆ ಕಿಡಿ ಹೊಡೆಯುವ ಹೊತ್ತು, ಕಣ್ಣಿಗೆ ಕಾಣುವ, ಕೈಗೆ ಸಿಗುವ ವಿಷಯ. ಅಂಬಾಸಿಡರ್, ಪದ್ಮಿನಿಗಳ ಡಿಸ್ಟ್ರಿಬ್ಯೂಟರ್ ಮುಚ್ಚಳ ತೆಗೆದರೆ ಪಾಯಿಂಟ್ ಕಾಣುತ್ತಿತ್ತು. ಅದರ ನಡುವೆ ಫೀಲರ್ ಗೇಜ್ ಹಾಕಿ ಗ್ಯಾಪ್ ನೋಡಿ, ಡಿಸ್ಟ್ರಿಬ್ಯೂಟರನ್ನೇ ಕೂದಲೆಳೆಯಷ್ಟು ಆಚೀಚೆ ತಿರುಗಿಸಿ, ಕಿವಿಗೊಟ್ಟು ಟೈಮಿಂಗ್ ಇಡುತ್ತಿದ್ದೆವು. ಕಿಡಿ ಬೇಗನಾದರೆ ಏರಿನಲ್ಲಿ ಎಂಜಿನ್ ಕಟಕಟ ಎನ್ನುತ್ತಿತ್ತು, ತಡವಾದರೆ ಎಳೆಯುತ್ತಿರಲಿಲ್ಲ.

ಈಗ ಆ ಕೆಲಸವನ್ನು ಕಂಪ್ಯೂಟರ್ ಮಾಡುತ್ತದೆ. ಕ್ರ್ಯಾಂಕ್‌ಶಾಫ್ಟಿಗೆ ಒಂದು ಹಲ್ಲಿನ ಚಕ್ರ ಇರುತ್ತದೆ. ಎಷ್ಟೋ ಕಾರುಗಳಲ್ಲಿ ಅದಕ್ಕೆ 60 ಹಲ್ಲುಗಳ ಜಾಗ. ಎರಡನ್ನು ಬೇಕೆಂದೇ ಬಿಟ್ಟಿರುತ್ತಾರೆ, ಉಳಿಯುವುದು 58. ಪಕ್ಕದಲ್ಲಿರುವ ಸೆನ್ಸರ್ ಒಂದೊಂದು ಹಲ್ಲು ದಾಟಿದಾಗಲೂ ಕಂಪ್ಯೂಟರಿಗೆ ಸುದ್ದಿ ಕೊಡುತ್ತದೆ. ಹಲ್ಲಿಲ್ಲದ ಜಾಗ ಬಂದಾಗ ಪಿಸ್ಟನ್ ಎಲ್ಲಿದೆ ಎಂಬ ಲೆಕ್ಕ ಸಿಗುತ್ತದೆ. ಎಂಜಿನ್ 3,000 ಆರ್‌ಪಿಎಂನಲ್ಲಿ ಓಡುತ್ತಿದ್ದರೆ ಸೆಕೆಂಡಿಗೆ 50 ಸುತ್ತು, ಅಂದರೆ 2,900 ಹಲ್ಲು. ಈ ಸುದ್ದಿ ನಿಂತರೆ ಕಿಡಿ ಯಾವಾಗ ಹೊಡೆಯಬೇಕು, ಪೆಟ್ರೋಲ್ ಯಾವಾಗ ಬಿಡಬೇಕು ಎಂಬುದೇ ತಿಳಿಯದೆ ಕಂಪ್ಯೂಟರ್ ಎರಡನ್ನೂ ನಿಲ್ಲಿಸಿಬಿಡುತ್ತದೆ.

ಮೇಷ್ಟ್ರ ಕಾರಿಗೆ ಸ್ಕ್ಯಾನರ್ ಹಾಕಿದಾಗ ಬಂದ ಕೋಡ್ ಪಿ0335. ಪರದೆಯ ಮೇಲೆ ಬರುವುದು 'ಕ್ರ್ಯಾಂಕ್‌ಶಾಫ್ಟ್ ಪೊಸಿಷನ್ ಸೆನ್ಸರ್ ಸರ್ಕ್ಯೂಟ್' ಎಂದು. ನಮ್ಮ ಹುಡುಗರು 'ಸೆನ್ಸರ್' ಎಂಬಲ್ಲಿಗೆ ಓದುವುದನ್ನು ನಿಲ್ಲಿಸುತ್ತಾರೆ. ಕೊನೆಯಲ್ಲಿ 'ಸರ್ಕ್ಯೂಟ್' ಎಂದಿದೆ. ಸೆನ್ಸರ್, ಅದರ ಕಪ್ಲರ್, ಅಲ್ಲಿಂದ ಕಂಪ್ಯೂಟರಿನವರೆಗೆ ಹೋಗುವ ವೈರು, ಅರ್ತಿಂಗ್ ಎಲ್ಲವೂ ಅದರಲ್ಲಿ ಬಂತು. ಕೋಡ್ ಹೇಳಿದ್ದು 'ಈ ದಾರಿಯಲ್ಲಿ ಎಲ್ಲೋ ಸುದ್ದಿ ತಪ್ಪಿದೆ' ಎಂದು. ಹೊಸ ಸೆನ್ಸರ್ ಹಾಕು ಎಂದು ಅದು ಯಾವತ್ತೂ ಹೇಳಿರಲಿಲ್ಲ.

ಮೊದಲ ದಿನ ನಾನೂ ಬಿಸಿಯ ಮೇಲೇ ಅನುಮಾನ ಪಟ್ಟೆ. ಇಪ್ಪತ್ತು ನಿಮಿಷ ತಣಿದ ಮೇಲೆ ಸ್ಟಾರ್ಟ್ ಆಗುತ್ತದೆ ಎಂದರೆ ಯಾರಿಗಾದರೂ ಹಾಗೇ ಅನಿಸುತ್ತದೆ. ಸೆನ್ಸರ್ ಒಳಗಿನ ಸುರುಳಿ ಕಾದಾಗ ಬಿಟ್ಟುಕೊಂಡು, ತಣಿದಾಗ ಕೂಡಿಕೊಳ್ಳುವುದನ್ನು ಬೇಕಾದಷ್ಟು ಸಲ ನೋಡಿದ್ದೇನೆ. ಹೇರ್ ಡ್ರೈಯರ್ ಹಿಡಿದು ಸೆನ್ಸರನ್ನು ಕೈ ಇಡಲಾಗದಷ್ಟು ಕಾಯಿಸಿದೆ. ಮೀಟರಿನಲ್ಲಿ ಓಮ್ ಸ್ವಲ್ಪ ಏರಿತು, ಅಷ್ಟೇ. ಎಂಜಿನ್ ಅರ್ಧ ಗಂಟೆ ಅಲ್ಲಾಡದೆ ಓಡಿತು.

ಮರುದಿನ ಮೇಷ್ಟ್ರು, ಅವರ ಹೆಂಡತಿ ಇಬ್ಬರನ್ನೂ ಕರೆದು ಕೂರಿಸಿ ಮೊದಲಿಂದ ಕೇಳಿದೆ. ಎಷ್ಟನೇ ಗೇರಿನಲ್ಲಿ ನಿಲ್ಲುತ್ತದೆ? ಎರಡನೆಯದರಲ್ಲಿ. ಎಕ್ಸಲರೇಟರ್? ತಿರುವು ದಾಟಿ ಜೋರಾಗಿ ಒತ್ತಿದಾಗ. ನಿಂತ ಕೂಡಲೇ ಒಮ್ಮೆ ಸ್ಟಾರ್ಟ್ ಮಾಡಿ ನೋಡಿದ್ದೀರಾ ಮೇಷ್ಟ್ರೇ? 'ಇಲ್ಲ. ಎಂಜಿನ್ ಬಿಸಿಯಾಗಿದೆ, ಕಾಯಬೇಕು ಅಂತ ಮೊದಲ ಸಲವೇ ಯಾರೋ ಹೇಳಿದರು. ಆಮೇಲೆ ಪ್ರತಿ ಸಲ ಕಾದೆವು.'

ಆಗ ಅವರ ಹೆಂಡತಿ, ಅಷ್ಟು ಹೊತ್ತು ಮಾತಾಡದೆ ಕೂತಿದ್ದವರು, ಹೇಳಿದರು: 'ನಾನು ನೋಡಿದ್ದೇನೆ. ಕಾರು ಇನ್ನೂ ಹೋಗ್ತಿರುತ್ತೆ, ಆದ್ರೆ ಎಡಗಡೆ ಮುಳ್ಳು ಟಪ್ ಅಂತ ಸೊನ್ನೆಗೆ ಬೀಳುತ್ತೆ.'

ಎಡಗಡೆಯದು ಆರ್‌ಪಿಎಂ ಮುಳ್ಳು. ಪೆಟ್ರೋಲ್ ಸಾಲದೆ ಎಂಜಿನ್ ಸತ್ತರೆ ಆ ಮುಳ್ಳು ಎಂಜಿನ್ ಜೊತೆಗೇ ನಿಧಾನಕ್ಕೆ ಇಳಿಯುತ್ತದೆ. ಗೇರಿನಲ್ಲಿ ಚಕ್ರ ಉರುಳುತ್ತಿರುವಾಗಲೇ ಸೊನ್ನೆಗೆ ಬಿದ್ದರೆ, ಎಂಜಿನ್ ತಿರುಗುತ್ತಿದೆ, ಸುದ್ದಿ ಮಾತ್ರ ನಿಂತಿದೆ ಎಂದರ್ಥ. ಎಲ್ಲ ಕಾರುಗಳಲ್ಲೂ ಅಲ್ಲದಿದ್ದರೂ ಬಹಳಷ್ಟರಲ್ಲಿ ಇದು ನಿಜ. ಐದು ತಿಂಗಳಲ್ಲಿ ಅವರನ್ನು ಯಾರೂ ಒಂದು ಮಾತು ಕೇಳಿರಲಿಲ್ಲ.

ಸೆನ್ಸರ್ ಬಿಸಿಗೆ ಜಗ್ಗಿರಲಿಲ್ಲ, ನಿಲ್ಲುವುದು ಜೋರಾಗಿ ಒತ್ತಿದಾಗ. ಹಾಗಾಗಿ ಬಿಸಿಯನ್ನು ಬಿಟ್ಟು ಅಲುಗಾಟವನ್ನು ಹಿಡಿದೆ. ಜೋರಾಗಿ ಎಳೆಯುವಾಗ ಎಂಜಿನ್ ತನ್ನನ್ನು ಹಿಡಿದಿಡುವ ರಬ್ಬರ್ ಮೌಂಟಿಂಗ್‌ಗಳ ಮೇಲೆ ಹಿಂದಕ್ಕೆ ವಾಲುತ್ತದೆ. ಗ್ಯಾರೇಜಿನಲ್ಲೇ ಹ್ಯಾಂಡ್ ಬ್ರೇಕ್ ಎಳೆದು, ಬ್ರೇಕ್ ತುಳಿದು, ಎರಡನೇ ಗೇರ್ ಹಾಕಿ ಕ್ಲಚ್ ಅರ್ಧ ಬಿಡಲು ನಮ್ಮ ಹುಡುಗನಿಗೆ ಹೇಳಿದೆ. ಬೋನೆಟ್ ಎತ್ತಿ ಪಕ್ಕದಲ್ಲಿ ನಿಂತು ನೋಡಿದೆ. ಎಂಜಿನ್ ನಾಲ್ಕು ಬೆರಳಿನಷ್ಟು ಎದ್ದು ಹಿಂದಕ್ಕೆ ವಾಲಿತು. ಸೆನ್ಸರಿನ ವೈರಿಗೆ ಜೋಡಿಸಿದ್ದ ಆಸಿಲೋಸ್ಕೋಪಿನಲ್ಲಿ ಹಲ್ಲು ಹಲ್ಲಾಗಿ ಓಡುತ್ತಿದ್ದ ಗೆರೆ ಒಮ್ಮೆಲೇ ಮಲಗಿತು. ಕ್ಲಚ್ ತುಳಿದರೆ ಗೆರೆ ಮತ್ತೆ ಎದ್ದಿತು.

ಒಂದು ಮೌಂಟಿಂಗಿನ ರಬ್ಬರ್ ಪೂರಾ ಹರಿದಿತ್ತು. ಸೆನ್ಸರಿನ ಕಪ್ಲರಿನಿಂದ ಮೂರು ಇಂಚು ಮೇಲೆ, ವೈರಿನ ಹೊರಗಿನ ಸಿಪ್ಪೆ ನೆಟ್ಟಗಿತ್ತು. ಬೆರಳಿನಲ್ಲಿ ಎಳೆದರೆ ಅಲ್ಲೊಂದು ಕಡೆ ರಬ್ಬರ್ ಬ್ಯಾಂಡಿನ ಹಾಗೆ ಉದ್ದವಾಗುತ್ತಿತ್ತು. ಸೀಳಿ ನೋಡಿದರೆ ತಾಮ್ರದ ಎಳೆಗಳು ತುಂಡಾಗಿ, ತುದಿ ಹಸಿರುಗಟ್ಟಿದ್ದವು. ಎಂಜಿನ್ ಸುಮ್ಮನಿದ್ದಾಗ ತುದಿಗೆ ತುದಿ ತಾಗಿಕೊಂಡು ಮೀಟರಿಗೆ ಸರಿಯಾದ ಓಮ್ ತೋರಿಸುತ್ತಿತ್ತು. ವಾಲಿದಾಗ ಬಿಟ್ಟುಕೊಳ್ಳುತ್ತಿತ್ತು. ಘಾಟಿಯಲ್ಲಿ ನಿಂತ ಆರೂ ಸಲ ಮರುಕ್ಷಣವೇ ಕೀಲಿ ತಿರುಗಿಸಿದ್ದರೆ ಸ್ಟಾರ್ಟ್ ಆಗುತ್ತಿತ್ತು. ಬೇರೆಯವರು ಟೆಸ್ಟ್ ಮಾಡಿದ್ದು ಪೇಟೆಯ ಸಪಾಟು ರಸ್ತೆಯಲ್ಲಿ. ಅಲ್ಲಿ ಎಂಜಿನಿಗೆ ಅಷ್ಟು ವಾಲುವ ಕೆಲಸವೇ ಬರುವುದಿಲ್ಲ.

ನನ್ನ ಬಿಲ್ಲು 4,900 ರೂಪಾಯಿ. ಮೌಂಟಿಂಗ್ 1,850, ವೈರು ಮತ್ತು ಕಪ್ಲರ್ 350, ಒಂಬತ್ತು ಗಂಟೆ ಹುಡುಕಿದ ಕೂಲಿ 2,700. ಮೇಷ್ಟ್ರು ತಕರಾರಿಲ್ಲದೆ ಕೊಟ್ಟರು. ಎಲ್ಲರೂ ಹಾಗಿರುವುದಿಲ್ಲ. 'ಸಾಮಾನು ಏನೂ ಹಾಕಲಿಲ್ವಲ್ಲ, ಬರೀ ವೈರ್ ಜಾಯಿಂಟ್ ಮಾಡಿದ್ದಕ್ಕೆ ಇಷ್ಟಾ?' ಎಂದು ಕೇಳುವವರೇ ಹೆಚ್ಚು. ಒಂಬತ್ತು ಸಾವಿರದ ಪಂಪ್ ಡಬ್ಬಿಯ ಸಮೇತ ಕಂಡರೆ ದುಡ್ಡು ಕೊಡಲು ಮನಸ್ಸು ಬರುತ್ತದೆ, ಒಂಬತ್ತು ಗಂಟೆ ಕಣ್ಣಿಗೆ ಕಾಣುವುದಿಲ್ಲ. ಹೀಗಾಗಿ ಮೆಕ್ಯಾನಿಕ್ ಕೂಡ ಹುಡುಕುವುದನ್ನು ಬಿಟ್ಟು ಸಾಮಾನು ಹಾಕುವುದನ್ನೇ ಕಲಿಯುತ್ತಾನೆ. ದೊಡ್ಡ ವರ್ಕ್‌ಶಾಪುಗಳಲ್ಲಿ ದಿನಕ್ಕೆ ಇಷ್ಟು ಗಾಡಿ ಹೊರಗೆ ಹೋಗಬೇಕು ಎಂಬ ಒತ್ತಡ. ಬಂದು ಹೋಗುವ ದೋಷಕ್ಕೆ ಅಲ್ಲಿ ಸಮಯವೇ ಇಲ್ಲ. ಅಲ್ಲಿ ದುಡಿಯುವ ಹುಡುಗರನ್ನು ನಾನು ದೂರುವುದಿಲ್ಲ, ಅವರಲ್ಲಿ ಕೆಲವರು ನನ್ನಲ್ಲೇ ಕಲಿತವರು. ಅವರಿಗೆ ಹುಡುಕಲು ಬಿಡದ ಲೆಕ್ಕಾಚಾರದ ಮೇಲೆ ನನ್ನ ಸಿಟ್ಟು.

ಹುಡುಕದೆ ಸಾಮಾನು ಬದಲಿಸುವುದಕ್ಕೆ ಇನ್ನೊಂದು ಉದಾಹರಣೆ ಹೇಳಲೇಬೇಕು. ಕ್ಯಾಮ್ (ಎಂಜಿನ್ ವಾಲ್ವುಗಳನ್ನು ತೆರೆಯುವ ಶಾಫ್ಟ್) ಮತ್ತು ಕ್ರ್ಯಾಂಕ್ ತಾಳೆಯಾಗುತ್ತಿಲ್ಲ ಎಂಬ ಕೋಡ್ ಬಂದ ಕಾರೊಂದಕ್ಕೆ ಟೈಮಿಂಗ್ ಚೈನ್ ಬದಲಿಸಲು ಒಂದು ಕಡೆ 40,000 ಹೇಳಿದ್ದರು. ನನ್ನ ಹತ್ತಿರ ತಂದಾಗ ಡಿಪ್ ಸ್ಟಿಕ್ ಎಳೆದು ನೋಡಿದೆ. ತೆಳು ಆಯಿಲ್ ಬೇಕಾದ ಎಂಜಿನಿಗೆ ಯಾರೋ ಹಳೆಯ ಕಾಲದ ಗಟ್ಟಿ ಆಯಿಲ್ ತುಂಬಿದ್ದರು. ಇಂಥ ಎಂಜಿನ್‌ಗಳಲ್ಲಿ ಕ್ಯಾಮಿನ ಟೈಮಿಂಗನ್ನು ಹಿಂದೆ ಮುಂದೆ ಮಾಡುವುದೇ ಆಯಿಲಿನ ಒತ್ತಡ. ಬೆಳಗಿನ ಚಳಿಗೆ ಗಟ್ಟಿ ಆಯಿಲ್ ಹೊತ್ತಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಸರಿಯಾದ ಆಯಿಲ್ ಹಾಕಿ, ಆ ಒತ್ತಡವನ್ನು ನಿಯಂತ್ರಿಸುವ ವಾಲ್ವಿನ ಜಾಲರಿ ತೊಳೆದ ಮೇಲೆ ಆ ಕೋಡ್ ಮತ್ತೆ ಬಂದಿಲ್ಲ.

ಐಟಿಐಗಳಲ್ಲಿ ಮೋಟಾರು ಮೆಕ್ಯಾನಿಕ್ ಕಲಿಸುವವರಲ್ಲಿ ನನ್ನ ಕೋರಿಕೆ ಇಷ್ಟು: ಎಂಜಿನ್ ಬಿಚ್ಚಿ ಜೋಡಿಸುವುದನ್ನು ಕಲಿಸಿದಷ್ಟೇ ಮನಸ್ಸಿಟ್ಟು ಗಿರಾಕಿಯನ್ನು ಕೇಳುವುದನ್ನೂ ಕಲಿಸಿ. ವೈರನ್ನು ಅಲುಗಾಡಿಸಿ ನೋಡುವುದು, ಕಾಯಿಸಿ ನೋಡುವುದು, ದೋಷವನ್ನು ಕಣ್ಣೆದುರಿಗೆ ಬರಿಸುವವರೆಗೆ ಏನನ್ನೂ ಬದಲಿಸದಿರುವುದು, ಇವು ಅಭ್ಯಾಸದಿಂದ ಬರಬೇಕು.

ಕಾರು ಇರುವವರಿಗೂ ಒಂದು ಮಾತು. ನಿಮ್ಮ ಗಾಡಿ ಹೀಗೆ ಕೈಕೊಟ್ಟರೆ ಸುರಕ್ಷಿತ ಜಾಗದಲ್ಲಿ ನಿಂತ ಮೇಲೆ ಒಂದು ಚೀಟಿಯಲ್ಲಿ ಬರೆದಿಡಿ: ಯಾವ ಗೇರು, ಏರೋ ಇಳಿಜಾರೋ, ಮಳೆಯೋ ಬಿಸಿಲೋ, ಮುಳ್ಳು ಹೇಗೆ ಬಿತ್ತು, ಕೂಡಲೇ ಸ್ಟಾರ್ಟ್ ಆಯಿತೋ ಇಲ್ಲವೋ. ಪಕ್ಕದಲ್ಲಿ ಕೂತವರನ್ನೂ ಕೇಳಿ. ಆ ಚೀಟಿ ಮೆಕ್ಯಾನಿಕ್ ಕೈಗೆ ಕೊಡಿ. ಬಿಲ್ಲಿನಲ್ಲಿ 'ಹುಡುಕಿದ ಕೂಲಿ' ಎಂಬ ಸಾಲು ಕಂಡರೆ ದಯವಿಟ್ಟು ಅದನ್ನು ಹೊಡೆದುಹಾಕಿಸಬೇಡಿ.