ಸೀರೆಯಂಚಿನ ಗಣಿತ

ಮನೆಯ ಹುಡುಗನಾಗಲಿ ಹುಡುಗಿಯಾಗಲಿ ಗಣಿತದಲ್ಲಿ ಉನ್ನತ ಪದವಿಯನ್ನು ಪಡೆದು, ಇನ್ನು ಸಂಶೋಧನೆಗೆ ತೊಡಗುವೆನೆಂದರೆ ಹಿರಿಯರು ಕೇಳುವ ಪ್ರಶ್ನೆಯೊಂದುಂಟು: "ಗಣಿತದಲ್ಲಿ ಹೊಸದಾಗಿ ಕಂಡುಹಿಡಿಯುವುದೇನಿದೆ? ಎರಡೆರಡು ನಾಲ್ಕೆಂಬುದು ಎಂದೋ ತಿಳಿದುಹೋಯಿತಲ್ಲವೆ?" ಪ್ರಶ್ನೆಯು ನ್ಯಾಯವಾದುದೇ. ಉತ್ತರವನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ಪಾವಗಡ ತಾಲ್ಲೂಕಿನ ವೈ.ಎನ್.ಹೊಸಕೋಟೆಯ ಮಗ್ಗಗಳಲ್ಲಿ ನೆಯ್ದ ರೇಷ್ಮೆಯ ಸೀರೆಯೊಂದು ಪೆಟ್ಟಿಗೆಯಲ್ಲಿದ್ದರೆ, ಅದರ ಅಂಚನ್ನು ಬಿಡಿಸಿ ನೋಡಿದರೆ ಸಾಕು.

ಅಂಚಿನಲ್ಲಿ ಒಂದೇ ಚಿತ್ತಾರವು ಉದ್ದಕ್ಕೂ ಮರಳಿ ಮರಳಿ ಬರುವುದು. ಬಳ್ಳಿ, ಹಂಸ, ಗೋಪುರ, ಮಾವಿನಕಾಯಿ ಎಂದು ಚಿತ್ತಾರಗಳಿಗೆ ಲೆಕ್ಕವಿಲ್ಲ. ಆದರೆ ಅವು ಮರಳುವ ಬಗೆಯನ್ನು ಗಮನಿಸೋಣ. ಚಿತ್ತಾರವು ಬರಿದೆ ಮುಂದಕ್ಕೆ ಸರಿಯುವುದೆ? ಎಡಬಲಗಳು ಕನ್ನಡಿಯಲ್ಲಿ ಕಂಡಂತಿರುವುವೆ? ಮೇಲುಭಾಗವೂ ಕೆಳಭಾಗವೂ ಹಾಗೆಯೇ ಹೊಂದುವುವೆ? ತಲೆಕೆಳಗಾಗಿ ತಿರುಗಿಸಿದರೂ ಬದಲಾಗದೆ ಉಳಿಯುವುದೆ? ಬಳ್ಳಿಯ ಎಲೆಗಳಂತೆ ಒಮ್ಮೆ ಮೇಲಕ್ಕೂ ಒಮ್ಮೆ ಕೆಳಕ್ಕೂ ಮಗುಚುತ್ತ ಸಾಗುವುದೆ? ಇವೆಲ್ಲ ಕೂಡಿಬರುವ ರೀತಿಗಳು 7 ಮಾತ್ರ. ಎಂಟನೆಯದನ್ನು ಎಂತಹ ಕುಶಲನಾದ ನೇಕಾರನೂ ನೆಯ್ಯಲಾರನು. ಒಡಲಿನಲ್ಲಿ ಉದ್ದಕ್ಕೂ ಅಗಲಕ್ಕೂ ಹರಡಿದ ಚಿತ್ತಾರಕ್ಕಾದರೆ 17 ರೀತಿಗಳುಂಟು. ಇದನ್ನು 1891ರಲ್ಲಿ ರಷ್ಯದ ಫೆದೊರೋವ್ ತೋರಿಸಿದನು. 1924ರಲ್ಲಿ ಹಂಗೆರಿಯಲ್ಲಿ ಹುಟ್ಟಿದ ಪೋಲ್ಯ ತಾನಾಗಿಯೇ ಮತ್ತೆ ಕಂಡುಕೊಂಡನು. ಇಷ್ಟೇ ಇರುವುದು, ಇದಕ್ಕಿಂತ ಹೆಚ್ಚು ಇರಲಾರದು ಎಂಬುದನ್ನು ಕಾರಣಸಹಿತವಾಗಿ ಸಾಧಿಸುವುದು ಗಣಿತ ಸಂಶೋಧಕನ ಕೆಲಸಗಳಲ್ಲೊಂದು.

ಇದೇ ಪೋಲ್ಯನು 1945ರಲ್ಲಿ, ಲೆಕ್ಕವನ್ನು ಬಿಡಿಸುವಾಗ ಹೇಗೆ ಯೋಚಿಸಬೇಕೆಂಬುದನ್ನು ಕಲಿಯುವವರಿಗೂ ಕಲಿಸುವವರಿಗೂ ತಿಳಿಸುವ ಗ್ರಂಥವೊಂದನ್ನು ಪ್ರಕಟಿಸಿದನು. ಹುಡುಕುವುದೂ ಕಲಿಸುವುದೂ ಅವನಿಗೆ ಬೇರೆಬೇರೆಯಾಗಿರಲಿಲ್ಲ. ನಮ್ಮ ನಾಡಿನಲ್ಲಿಯೂ ರಾಜಾದಿತ್ಯನು 12ನೆಯ ಶತಮಾನದಷ್ಟು ಹಿಂದೆಯೇ ವ್ಯವಹಾರಗಣಿತವನ್ನು ಕನ್ನಡದಲ್ಲಿ ರಚಿಸಿಕೊಟ್ಟನು. ಗಣಿತವು ಮನೆಮಾತಿಗೆ ಒಗ್ಗದೆಂಬ ಮಾತು ನಮಗೆ ಒಪ್ಪುವಂಥದಲ್ಲ.

ಲೆಕ್ಕವೆಂದೊಡನೆ ಮುಖ ಬಾಡುವ ಮಕ್ಕಳು ಪ್ರತಿ ಊರಿನಲ್ಲಿಯೂ ಇದ್ದಾರೆ. ಅವರಿಗೆ ಬೇಕಾದವರು, ತಾವು ಹುಡುಕುವುದರಲ್ಲಿ ಸಂತೋಷಪಟ್ಟು ಆ ಸಂತೋಷವನ್ನು ಹಂಚಬಲ್ಲ ಉಪಾಧ್ಯಾಯರು. ಆದುದರಿಂದ ಗೃಹಸ್ಥರಲ್ಲಿ ನಮ್ಮದೊಂದು ವಿಜ್ಞಾಪನೆ. ಓದುವ ಮಗನನ್ನೋ ಮಗಳನ್ನೋ ಸಂಬಳವೆಷ್ಟು ಬಂದೀತೆಂದು ಕೇಳುವ ಮುನ್ನ, "ನೀನು ಹುಡುಕುತ್ತಿರುವುದೇನು? ನಮಗೂ ಹೇಳು" ಎಂದು ಒಮ್ಮೆ ಕೇಳಿರಿ. ಅಡಿಗೆಮನೆಯಲ್ಲಿ ಕುಳಿತ ತಾಯಿಗೆ ತಿಳಿಯುವಂತೆ ಹೇಳಬಲ್ಲವರು ನಾಳೆ ಒಳ್ಳೆಯ ಉಪಾಧ್ಯಾಯರಾಗುವರು. ಹೇಳಲಾರದೆ ಹೋದರೆ, ತಮ್ಮ ತಿಳಿವಳಿಕೆ ಎಲ್ಲಿ ನಿಂತಿದೆಯೆಂಬುದನ್ನಾದರೂ ತಾವೇ ಅರಿಯುವರು. ಎರಡರಿಂದಲೂ ಲಾಭವೇ.